ಒಗ್ಗರಣೆ ಹಾಕಿದ ಲಾ ಓದು

ಮನೆಯಲ್ಲೊಬ್ಬ ಲಾ ಓದುವವನಿದ್ದರೆ ಕೋರ್ಟು ಎಷ್ಟು ದೂರ ಇದ್ದರೂ ಮೊಕದ್ದಮೆಗಳು ಅಡುಗೆಮನೆ ಹುಡುಕಿಕೊಂಡು ಬರುತ್ತವೆ. ಅರವತ್ತರ ದಶಕದ ಶುರುವಿನಲ್ಲಿ ನಾನು ಬೆಂಗಳೂರಿನಲ್ಲಿ ಲಾ ಓದುತ್ತಿದ್ದೆ. ಊರು ಶಿಡ್ಲಘಟ್ಟದ ಪಕ್ಕದ ಮೇಲೂರು. ಒಂದಿಷ್ಟು ಹೊಲ, ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳು. ನಮ್ಮ ವಂಶದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ಬೇಕಾದಷ್ಟು ಜನ ಇದ್ದರು. ಆದರೆ ಎಲ್ಲರೂ ಕೈಕಟ್ಟಿಕೊಂಡು ಹತ್ತಿದವರು. ಕರೀ ಕೋಟು ಹಾಕಿಕೊಂಡು ಹತ್ತಲು ಹೊರಟವನು ನಾನೇ ಮೊದಲು. ಹಾಗಾಗಿ ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ನನಗೂ ಸ್ವಲ್ಪ ಬಾಯಿ ಜಾಸ್ತಿ. ಆ ವರ್ಷಗಳಲ್ಲಿ ನಾನು ಮಾಡಿದ ವಾದಗಳೆಲ್ಲ ಊಟದ ಎಲೆಯ ಮುಂದೆಯೇ. ಒಂದನ್ನೂ ಗೆದ್ದ ನೆನಪಿಲ್ಲ.

೧. ಒಬ್ಬಟ್ಟಿನ ಕರಾರು

ಮೊದಲ ವರ್ಷದ ಯುಗಾದಿ. ಅಜ್ಜಿ ಬಡಿಸುತ್ತಿದ್ದರು. ನಾಲ್ಕು ಒಬ್ಬಟ್ಟು ಮುಗಿಸಿ ಐದನೆಯದಕ್ಕೆ ಹೊಟ್ಟೆಯಲ್ಲಿ ಜಾಗ ಇದೆಯೋ ಇಲ್ಲವೋ ಎಂದು ನಾನು ಲೆಕ್ಕ ಹಾಕುತ್ತಿದ್ದಾಗ, "ಇನ್ನೊಂದು ಹಾಕ್ಲೇನಪ್ಪ?" ಅಂದರು. ಬಾಯಿ ತುಂಬಿತ್ತು, ಮಾತಾಡಲಿಲ್ಲ. ಅಜ್ಜಿ ಹಾಕಿಯೇಬಿಟ್ಟರು.

ನಾನು ನುಂಗಿ, ನೀರು ಕುಡಿದು, ಪಾಠ ಶುರುಮಾಡಿದೆ. "ಅಜ್ಜಿ, ನೀನು ಕೇಳಿದ್ದು ಪ್ರಸ್ತಾಪ. ನಾನು ಹೂಂ ಅಂದ್ರೆ ಅದು ಒಪ್ಪಿಗೆ. ಎರಡೂ ಸೇರಿದ್ರೆ ಮಾತ್ರ ಕರಾರು. ಸುಮ್ಮನಿದ್ದೋನ ಎಲೆಗೆ ಒಬ್ಬಟ್ಟು ಹಾಕಿದ್ರೆ ಕಾನೂನಲ್ಲಿ ಅದು ನಿಲ್ಲಲ್ಲ."

ಅಜ್ಜಿ ತಟ್ಟೆ ಕೆಳಗಿಟ್ಟು ಪೂರಾ ಕೇಳಿಸಿಕೊಂಡರು. "ಹಂಗಾದ್ರೆ ಬಾಯಿ ಬಿಟ್ಟು ಹೂಂ ಅನ್ನದೆ ಹಾಕಂಗಿಲ್ಲ ಅನ್ನು."

"ಹಾಕಂಗಿಲ್ಲ."

"ಆಯ್ತು ಬಿಡಪ್ಪ."

ಮಾರನೆಯ ದಿನ ಅಕ್ಕನ ಗಂಡನ ಕಡೆಯ ನೆಂಟರು ಊಟಕ್ಕೆ ಬಂದಿದ್ದರು. ಒಬ್ಬಟ್ಟು ಮಾರನೆಯ ದಿನ ತುಪ್ಪ ಹಾಕಿಕೊಂಡು ತಿಂದರೇ ರುಚಿ. ನೆಂಟರ ಸಾಲಿನಲ್ಲಿ ನಾನೂ ಮರ್ಯಾದಸ್ಥನ ಹಾಗೆ ಕೂತಿದ್ದೆ. ಅಜ್ಜಿ ಬಂದು, "ಹಾಕ್ಲೇನಪ್ಪ?" ಅಂದರು. ಹೊಸಬರ ಮುಂದೆ ಹಾಕು ಅನ್ನುವುದು ಹೇಗೆ? ಸಣ್ಣಗೆ ನಕ್ಕು ತಲೆ ತಗ್ಗಿಸಿದೆ. ನಮ್ಮ ಕಡೆ ಅದರ ಅರ್ಥ ಎರಡು ಹಾಕು ಎಂದು. ಅಜ್ಜಿ ಮುಂದಿನ ಎಲೆಗೆ ಹೋದರು. ಎರಡನೇ ಸುತ್ತು ಬಂದರು, ಕೇಳಿದರು, ನಾನು ನಕ್ಕೆ, ಹೋದರು. ಮೂರನೇ ಸುತ್ತಿಗೆ ತಡೆಯಲಾಗದೆ ಮೆಲ್ಲಗೆ "ಅಜ್ಜಿ" ಅಂದೆ.

ಅಜ್ಜಿ ಇಡೀ ಸಾಲಿಗೆ ಕೇಳುವಂತೆ ಹೇಳಿದರು: "ನಮ್ಮ ಹುಡುಗ ಲಾ ಓದ್ತಾನೆ. ನಗೋದು, ತಲೆ ತಗ್ಗಿಸೋದು ಒಪ್ಪಿಗೆ ಅಲ್ವಂತೆ. ಬಾಯಿ ಬಿಟ್ಟು ಕೇಳಿದ್ರೇ ಕರಾರಂತೆ."

ನೆಂಟರೆಲ್ಲ ಕೈ ನಿಲ್ಲಿಸಿ ನನ್ನ ಬಾಯನ್ನೇ ನೋಡತೊಡಗಿದರು. ಬೇರೆ ದಾರಿ ಇರಲಿಲ್ಲ. ಗಟ್ಟಿಯಾಗಿ "ಹೂಂ" ಅಂದೆ.

ಅಜ್ಜಿ ತಟ್ಟೆ ಓರೆ ಮಾಡಿ ತೋರಿಸಿದರು. ಖಾಲಿ. "ಪ್ರಸ್ತಾಪ ವಾಪಸ್ ತಗೊಂಡಿದೀನಿ ಕಣಪ್ಪ" ಅಂದರು.

೨. ಹುಳುವಿನ ಮೂಗು

ರೇಷ್ಮೆ ಹುಳು ಸಾಕುವ ಮನೆಯಲ್ಲಿ ಹುಳುವೇ ಯಜಮಾನ. ಅದು ಗೂಡು ಕಟ್ಟುವ ದಿನ ಹತ್ತಿರ ಬಂತೆಂದರೆ ಮನೆಯಲ್ಲಿ ಬೀಡಿ ಹೊಗೆ ಇಲ್ಲ, ಘಾಟು ಇಲ್ಲ, ಮೆಣಸಿನಕಾಯಿ ಒಗ್ಗರಣೆಯಂತೂ ಇಲ್ಲವೇ ಇಲ್ಲ. ಘಾಟು ತಗುಲಿದರೆ ಹುಳು ಮೇವು ಬಿಡುತ್ತದೆ ಎಂದು ಹಿರಿಯರ ನಂಬಿಕೆ. ಒಂದು ವರ್ಷ ಸರಿಯಾಗಿ ಗೌರಿ ಹಬ್ಬದ ವಾರ ನಮ್ಮ ಹುಳು ಆ ಹಂತಕ್ಕೆ ಬಂತು. ಎರಡು ತಿಂಗಳು ಹೋಟೆಲಿನ ತಿಳಿಸಾರು ಕುಡಿದು ಊರಿಗೆ ಬಂದವನ ಎಲೆಗೆ ಒಗ್ಗರಣೆ ಕಾಣದ ಕೋಸಂಬರಿ, ಒಗ್ಗರಣೆ ಕಾಣದ ಪಲ್ಯ, ಒಗ್ಗರಣೆ ಕಾಣದ ಸಾರು.

"ಅಜ್ಜಿ, ಹುಳಕ್ಕೆ ಮೂಗಿದೆ ಅನ್ನೋದಕ್ಕೆ ಸಾಕ್ಷಿ ಏನು?" ಎಂದು ಕೇಳಿದೆ.

"ಮೈಮೇಲೆ ಹಾಕ್ಕೊಳ್ಳೋಕೆ ಹುಳುವಿನ ರೇಷ್ಮೆ ಬೇಕು, ಕಾಲೇಜು ಫೀಜು ಹುಳು ಕಟ್ಟಬೇಕು. ಈಗ ಅದರ ಮೂಗಿಗೆ ಸಾಕ್ಷಿ ಬೇಕಾ" ಎಂದು ಅಜ್ಜಿ ತೆಲುಗಿಗೆ ತಿರುಗಿದರು. ಅಜ್ಜಿ ತೆಲುಗಿಗೆ ತಿರುಗಿದರೆ ವಿಚಾರಣೆ ಮುಗಿಯಿತು ಎಂದರ್ಥ.

ಅಮ್ಮನಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿತು. ಹಿತ್ತಲಿಗೆ ಕರೆದು, ಸೆರಗಿನ ಮರೆಯಲ್ಲಿ ಕಬ್ಬಿಣದ ಸೌಟು, ಒಂದಿಷ್ಟು ಎಣ್ಣೆ, ಸಾಸಿವೆ, ಮೆಣಸಿನಕಾಯಿ, ಒಂದು ಚೊಂಬು ಸಾರು ಕೊಟ್ಟರು. "ಊರಲ್ಲಿ ಎಲ್ಲರ ಮನೇಲೂ ಹುಳು ಇದೆ. ಮೇಷ್ಟ್ರ ಮನೇಲಿ ಮಾತ್ರ ಇಲ್ಲ. ಅವರ ಒಲೆ ಮೇಲೆ ಒಗ್ಗರಣೆ ಹಾಕ್ಕೊಂಡು ಬಾ. ಯಾರಿಗೂ ಹೇಳಬೇಡ" ಅಂದರು.

ಮೇಷ್ಟ್ರು ಮೈಸೂರು ಕಡೆಯಿಂದ ವರ್ಗವಾಗಿ ಬಂದವರು. ಊರಿನ ಕೊನೆಯಲ್ಲಿ ಅವರ ಬಾಡಿಗೆ ಮನೆ. ಚೊಂಬು ಮುಚ್ಚಿಕೊಂಡು ಕಳ್ಳನ ಹಾಗೆ ಹೋದೆ. ಬಾಗಿಲಿನಿಂದ ಹಿಡಿದು ಅಡುಗೆಮನೆಯ ತನಕ ನಮ್ಮ ಬೀದಿಯ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಸೌಟು, ಒಂದೊಂದು ಪಾತ್ರೆ. ಎಲ್ಲರಿಗೂ ಮನೆಯವರು ಯಾರಿಗೂ ಹೇಳಬೇಡ ಅಂದಿದ್ದರಂತೆ. ಒಳಗೆ ಒಲೆಯ ಮುಂದೆ ಮೇಷ್ಟ್ರ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬೆಳಗಿನಿಂದ ಇಡೀ ಮೇಲೂರಿನ ಸಾಸಿವೆ ಸಿಡಿಸುತ್ತಿದ್ದರು.

ಮೇಷ್ಟ್ರು ಜಗಲಿಯ ಮೇಲೆ ಕೂತು ಕೆಮ್ಮುತ್ತಿದ್ದರು. ಕಣ್ಣೆಲ್ಲ ಕೆಂಪು. ನನ್ನನ್ನು ಪಕ್ಕಕ್ಕೆ ಕರೆದು, "ಲಾ ಓದ್ತಿದ್ದೀಯಲ್ಲಪ್ಪ, ಒಬ್ಬರ ಮನೆಗೆ ಇನ್ನೊಬ್ಬರು ಅಕ್ರಮವಾಗಿ ನುಗ್ಗಿದರೆ ಅದು ಅಪರಾಧ ಅಲ್ವೇ?" ಎಂದು ಕೇಳಿದರು.

"ಹೌದು ಮೇಷ್ಟ್ರೇ" ಅಂದೆ.

"ಬರೀ ಘಾಟು ನುಗ್ಗಿದರೆ?"

೩. ಅಜ್ಜಿಯ ಹಿಡಿ

ಬೆಂಗಳೂರಿನ ರೂಮಿನಲ್ಲಿ ನನ್ನ ಜೊತೆಗಿದ್ದವನು ಚಿಂತಾಮಣಿಯವನು, ನನ್ನದೇ ಕ್ಲಾಸು. ಹೋಟೆಲು ಊಟ ಸಾಕಾಗಿ ಇಬ್ಬರೂ ಸೇರಿ ಬಸ್ಸಾರು ಮಾಡಿ ನೋಡೋಣ ಎಂದು ತೀರ್ಮಾನಿಸಿದೆವು. ಹೇಗೆ ಮಾಡುವುದೆಂದು ಅಜ್ಜಿಯನ್ನು ಕೇಳಿ ಬರೆಯಿರಿ ಎಂದು ಅಪ್ಪನಿಗೆ ಕಾಗದ ಹಾಕಿದೆ. ವಾರದಲ್ಲಿ ಕಾರ್ಡು ಬಂತು. ಸೊಪ್ಪು ಎರಡು ಹಿಡಿ, ಬೇಳೆ ಒಂದು ಹಿಡಿ, ಕಾಯಿತುರಿ ಅರ್ಧ ಹಿಡಿ, ಉಪ್ಪು ಕೈಗೆ ಬಂದಷ್ಟು.

ಗೆಳೆಯ ಕಾರ್ಡನ್ನು ಎರಡು ಸಲ ಓದಿದ. "ಹಿಡಿ ಅಂದ್ರೆ ಯಾರ ಹಿಡಿ? ನಿಂದಾ, ನಂದಾ? ಷರತ್ತು ಸ್ಪಷ್ಟವಾಗಿಲ್ಲದ ದಸ್ತಾವೇಜು ಊರ್ಜಿತವಾಗಲ್ಲ ಕಣೋ" ಅಂದ. ಅವನು ಆ ಪಾಠ ಹಿಂದಿನ ದಿನ ತಾನೇ ಓದಿದ್ದ. ಸರಿ, ಸ್ಪಷ್ಟೀಕರಣ ಕೇಳಿ ಇನ್ನೊಂದು ಕಾಗದ ಹೋಯಿತು.

ಈ ಸಲ ಲಕೋಟೆ ಬಂತು. ಒಳಗೆ ಒಂದು ಹಾಳೆ, ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎಳೆದ ಹಸ್ತದ ಗೆರೆ. ಕೆಳಗೆ ಅಪ್ಪನ ಅಕ್ಷರ: "ಇದು ನಿಮ್ಮಜ್ಜಿಯ ಹಿಡಿ. ಗೆರೆ ಎಳೆಯುವಾಗ ಕಚಗುಳಿ ಎಂದು ಎರಡು ಸಲ ಕೈ ಹಿಂದಕ್ಕೆ ತೆಗೆದುಕೊಂಡರು. ಅದರಿಂದ ಕಿರುಬೆರಳು ಸೊಟ್ಟ ಬಂದಿದೆ. ಅಡುಗೆಗೆ ಬಾಧಕವಿಲ್ಲ."

ಅದನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿದೆವು. ಗೆಳೆಯ ದಿನಾ ತನ್ನ ಕೈಯನ್ನು ಅದರ ಮೇಲಿಟ್ಟು ನೋಡುವನು. ಅವನ ಕೈ ದೊಡ್ಡದು, ಹಾಗಾಗಿ ಹಾಳೆಯ ಮೇಲಿನ ಬೆರಳುಗಳಲ್ಲಿ ಎಲ್ಲಿಯವರೆಗೆ ಬೇಳೆ, ಎಲ್ಲಿಯವರೆಗೆ ಕಾಯಿ ಎಂದು ಸಣ್ಣ ಸಣ್ಣ ಗೆರೆ ಹಾಕಿಕೊಂಡ. ಸಾರೇನೋ ಚೆನ್ನಾಗಿಯೇ ಆಗುತ್ತಿತ್ತು.

ಒಂದು ಭಾನುವಾರ ಮನೆ ಯಜಮಾನರು ಸಿಟ್ಟಿನಿಂದ ಬಂದರು. ರೂಮಿನಲ್ಲಿ ಅಡುಗೆ ಮಾಡಕೂಡದು ಎಂದು ಅವರು ಮೊದಲೇ ಹೇಳಿದ್ದರು. ಸಾರು ಒಲೆಯ ಮೇಲೆ ಕುದಿಯುತ್ತಿತ್ತು, ತಪ್ಪಿಸಿಕೊಳ್ಳಲು ಸಂದೇ ಇಲ್ಲ. ಅವರು ಬೈಯಲು ಬಾಯಿ ತೆರೆದವರು ಗೋಡೆಯ ಮೇಲಿನ ಕೈ ನೋಡಿ ನಿಂತರು. ಹತ್ತಿರ ಹೋಗಿ, ಗೆರೆಗಳನ್ನೆಲ್ಲ ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಹಾಗೇ ಹೊರಗೆ ಹೋದರು.

ಐದು ನಿಮಿಷ ಬಿಟ್ಟು ಕೈಕಾಲು ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು ವಾಪಸ್ ಬಂದರು. ಗೆಳೆಯನ ಮುಂದೆ ಕೂತು ಬಲಗೈ ಚಾಚಿದರು. "ನೀವು ಹಸ್ತ ನೋಡ್ತೀರಿ ಅಂತ ಗೊತ್ತಿರಲಿಲ್ಲ. ಮಗಳ ಮದುವೆ ಕೂಡಿಬರ್ತಾ ಇಲ್ಲ. ಸ್ವಲ್ಪ ನೋಡಿ ಹೇಳಿ" ಅಂದರು.

ಇಲ್ಲ ಅಂದರೆ ರೂಮು ಹೋಗುತ್ತದೆ. ಹೂಂ ಅಂದರೆ ಏನು ಹೇಳುವುದು? ಗೆಳೆಯ ಅವರ ಕೈಯನ್ನು ಹಿಡಿದುಕೊಂಡು ಅತ್ತಿತ್ತ ತಿರುಗಿಸಿದ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಗೋಡೆಯ ಕೈ ನೋಡಿದ, ಇವರ ಕೈ ನೋಡಿದ, "ಸಾರ್, ಇದು ಒಂದೂವರೆ ಆಗುತ್ತೆ" ಅಂದ.

ಯಜಮಾನರು ತಲೆದೂಗಿದರು. "ಒಂದೂವರೆ ವರ್ಷ ತಾನೇ? ಕಾಯ್ತೀನಿ ಬಿಡಿ" ಎಂದು, ಹೋಗುವಾಗ ಒಂದು ಲೋಟ ಸಾರನ್ನೂ ತೆಗೆದುಕೊಂಡು ಹೋದರು.

೪. ಹುಣಸೆಮರದ ಕೇಸು

ಕೊನೆಯ ವರ್ಷದ ರಜೆಯಲ್ಲಿ ಕೆಲಸ ಕಲಿಯಲೆಂದು ಚಿಂತಾಮಣಿಯ ಒಬ್ಬ ಹಿರಿಯ ವಕೀಲರ ಬಳಿ ಸೇರಿದೆ. ಮನೆಯ ಜಗಲಿಯೇ ಅವರ ಆಫೀಸು. ಅವರ ಹೆಂಡತಿಯನ್ನು ಊರಿನವರೆಲ್ಲ ಲಾಯರಮ್ಮ ಅನ್ನುತ್ತಿದ್ದರು.

ಆಗ ನಡೆಯುತ್ತಿದ್ದದ್ದು ಒಂದು ಹುಣಸೆಮರದ ಕೇಸು. ಪಕ್ಕದ ಹಳ್ಳಿಯ ಇಬ್ಬರು ದಾಯಾದಿಗಳು, ವರಸೆಯಲ್ಲಿ ಅಣ್ಣ ತಮ್ಮ. ಇಬ್ಬರ ಹೊಲದ ನಡುವಿನ ಬದುವಿನ ಮೇಲೆ ಮರ. ನನ್ನದು ಎಂದು ಅಣ್ಣ, ನನ್ನದು ಎಂದು ತಮ್ಮ. ಇಬ್ಬರಿಗೂ ಮಾತು ನಿಂತು ಆರು ವರ್ಷ. ತೀರ್ಪು ಬರುವ ತನಕ ಯಾರೂ ಒಂದು ಕಾಯಿ ಕೀಳಕೂಡದು ಎಂದು ಕೋರ್ಟು ಹೇಳಿ ಮೂರು ವರ್ಷ. ಅಣ್ಣ ನಮ್ಮ ಕಕ್ಷಿಗಾರ. ತಮ್ಮನ ವಕೀಲರ ಮನೆ ನಮ್ಮ ಎದುರಿಗೇ.

ಸಂಕ್ರಾಂತಿಗೆ ಎರಡು ದಿನ ಇತ್ತು. ಹಬ್ಬ ಕಳೆದ ಮಾರನೆಯ ದಿನವೇ ವಿಚಾರಣೆ. ನಮ್ಮ ವಕೀಲರು ಬೆಳಿಗ್ಗೆ ಕೋಲಾರಕ್ಕೆ ಹೊರಡುವಾಗ ನನ್ನನ್ನು ಕರೆದು, "ನಮ್ಮ ಕಕ್ಷಿಗಾರ ಬರ್ತಾನೆ, ಜಗಲಿ ಮೇಲೆ ಕೂರಿಸು. ನಾನು ಬರೋವರೆಗೂ ಯಾರ ಹತ್ರನೂ ಬಾಯಿ ಬಿಡಬಾರದು. ಮುಖ್ಯವಾಗಿ ಆ ಎದುರು ಪಾರ್ಟಿ ಕಣ್ಣಿಗೂ ಬೀಳಬಾರದು. ಇದು ನಿನ್ನ ಜವಾಬ್ದಾರಿ" ಅಂದರು. ನಾನು ಕೋಟಿನ ಗುಂಡಿ ಹಾಕಿಕೊಂಡೆ.

ಆ ಮನೆಗೆ ಅವತ್ತು ಮಧ್ಯಾಹ್ನ ಇಪ್ಪತ್ತು ಜನ ನೆಂಟರು ಬರುವವರಿದ್ದರು. ಅವರೆಕಾಯಿ ಕಾಲ, ಹಿತಕಿದ ಬೇಳೆ ಸಾರು ಆಗಲೇಬೇಕು. ಆ ಸಾರಿಗೆ ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಬೆರಳಲ್ಲಿ ಹಿತುಕಿ ಸಿಪ್ಪೆಯಿಂದ ಬೇಳೆ ಹೊರಗೆ ಹಾರಿಸಬೇಕು. ಒಂದು ದೊಡ್ಡ ಕೊಳದಪ್ಪಲೆ ತುಂಬ ಕಾಳು ಕಾದಿತ್ತು.

ನಮ್ಮ ಕಕ್ಷಿಗಾರ ಬಂದ. ಕೂರಿಸಿದೆ. ಲಾಯರಮ್ಮ ಹೊರಗೆ ಬಂದು, "ಸುಮ್ನೆ ಕೂತಿದ್ದೀಯಲ್ಲಪ್ಪ, ಸ್ವಲ್ಪ ಕೈ ಹಾಕು" ಎಂದು ಕಾಳಿನ ಕೊಳದಪ್ಪಲೆ ಅವನ ಮುಂದಿಟ್ಟರು. ಬಾಯಿ ಬಿಡಬಾರದು ಅಂದಿದ್ದರೇ ಹೊರತು ಕೈ ಆಡಿಸಬಾರದು ಅಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ತಮ್ಮನೂ ಬಂದ. ಅವನ ವಕೀಲರ ಮನೆಗೆ ಬೀಗ ಹಾಕಿತ್ತು. ಬೀದಿಯಲ್ಲಿ ಅತ್ತಿತ್ತ ನೋಡುತ್ತ ನಿಂತ. ಲಾಯರಮ್ಮನಿಗೆ ಅವನು ಯಾರೆಂದು ಗೊತ್ತಿಲ್ಲ. "ಬಿಸಿಲಲ್ಲಿ ಯಾಕಪ್ಪ ನಿಂತಿದ್ದೀಯ, ಬಾ ಇಲ್ಲಿ, ನೆರಳಿದೆ" ಎಂದು ಕರೆದರು. ನಾನು, "ಅಮ್ಮ, ಅವರು ಎದುರು ಪಾರ್ಟಿ" ಎಂದು ಪಿಸುಗುಟ್ಟಿದೆ.

"ಎದುರು ಮನೆಗೆ ಬಂದೋರು ಎದುರು ಪಾರ್ಟೀನೇ ಕಣಪ್ಪ. ಅವರಿಗೆ ಕೈ ಇಲ್ವಾ?" ಎಂದು ಕೊಳದಪ್ಪಲೆಯ ಇನ್ನೊಂದು ಪಕ್ಕಕ್ಕೆ ಮಣೆ ಹಾಕಿದರು. ಹೆಂಗಸು ಕರೆದಾಗ ಒಲ್ಲೆ ಅನ್ನಲಾರದೆ ತಮ್ಮ ಬಂದು ಕೂತ. ನಡುವೆ ನಾನೂ ಕೂತು ಹಿತುಕಲು ಶುರುಮಾಡಿದೆ, ಕಾವಲಿಗೆ.

ಅರ್ಧ ಗಂಟೆ ಹಿತುಕಿದೆವು. ಬೇಳೆ ಹಾರುವ ಶಬ್ದ ಒಂದೇ. ಆಮೇಲೆ ಅಣ್ಣ ಕಂಬವನ್ನು ನೋಡುತ್ತ, "ಕಾಳು ಬಲ್ತುಹೋಗಿದೆ" ಅಂದ. ತಮ್ಮ ಬೀದಿಯನ್ನು ನೋಡುತ್ತ, "ಸೊಗಡು ಪರವಾಗಿಲ್ಲ" ಅಂದ. ತಮ್ಮ ಹಿತುಕಿದ ಒಂದು ಬೇಳೆ ಹಾರಿ ಅಣ್ಣನ ಮೂಗಿಗೆ ತಗುಲಿತು. ಅಣ್ಣ ಅದನ್ನು ಹೆಕ್ಕಿ ಪಾತ್ರೆಗೆ ಹಾಕಿದ.

ಅಷ್ಟರಲ್ಲಿ ಒಳಗಿನಿಂದ ಲಾಯರಮ್ಮನ ಧ್ವನಿ: "ಅಯ್ಯೋ, ಹುಣಸೆಹಣ್ಣೇ ಇಲ್ವಲ್ಲ. ಅಂಗಡೀದು ಬರೀ ಕರೀ ಉಂಡೆ, ಸಾರು ಕೆಡುತ್ತೆ."

"ನಮ್ಮನೇಲಿ ಹೋದ ವರ್ಷದ್ದಿದೆ, ತಂದ್ಕೊಡ್ತೀನಮ್ಮ" ಎಂದು ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ಅಂದರು.

ಅಂದವರು ಹಾಗೇ ನಿಂತರು. ಹೋದ ವರ್ಷ ಆ ಮರದ ಒಂದು ಕಾಯನ್ನೂ ನಮ್ಮ ಕಕ್ಷಿಗಾರರು ಮುಟ್ಟಿಲ್ಲ ಎಂದು ಎರಡೂ ಕಡೆಯ ವಕೀಲರು ಕೋರ್ಟಿನಲ್ಲಿ ಆಣೆ ಮಾಡಿದ ಹಾಗೆ ಹೇಳಿದ್ದರು. ಇಬ್ಬರೂ ಆರು ವರ್ಷದಲ್ಲಿ ಮೊದಲ ಸಲ ಮುಖಕ್ಕೆ ಮುಖ ನೋಡಿಕೊಂಡರು.

"ನೀನೂ ಕಿತ್ಯಾ?" ಅಂದ ಅಣ್ಣ.

"ಪಡುವಣ ಕೊಂಬೇದು ಅಷ್ಟೇ ಅಣ್ಣ. ಮೂಡಣ ಕಡೇದು ಯಾರೋ ಆಗ್ಲೇ ಕಿತ್ತಿದ್ರು."

"ಅದು ನಾನೇ ಕಣೋ."

ಮೊದಲು ತಮ್ಮ ನಕ್ಕ. ಆಮೇಲೆ ಅಣ್ಣ ನಕ್ಕ ನಗುವಿಗೆ ಮಡಿಲಲ್ಲಿದ್ದ ಸಿಪ್ಪೆಯೆಲ್ಲ ಚೆಲ್ಲಿತು. ಮೂರು ವರ್ಷದಿಂದ ಇಬ್ಬರೂ ಕದ್ದು ಕದ್ದು ಸರಿಯಾಗಿ ಅರ್ಧರ್ಧ ಕಿತ್ತುಕೊಳ್ಳುತ್ತಿದ್ದರು. ಕೊಳದಪ್ಪಲೆ ಖಾಲಿಯಾಗುವ ಹೊತ್ತಿಗೆ ಪಡುವಣ ಕೊಂಬೆ ತಮ್ಮನಿಗೆ, ಮೂಡಣ ಕೊಂಬೆ ಅಣ್ಣನಿಗೆ ಎಂದು ತೀರ್ಮಾನವೂ ಆಗಿಹೋಯಿತು.

ಮಧ್ಯಾಹ್ನ ವಕೀಲರು ಕೋಲಾರದಿಂದ ಬಂದಾಗ ವಾದಿ ಪ್ರತಿವಾದಿ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಮುದ್ದೆ ನುಂಗುತ್ತಿದ್ದರು. ವಕೀಲರು ನನ್ನನ್ನು ನೋಡಿದ ನೋಟಕ್ಕೆ ನನ್ನ ವಕೀಲಿ ಅಲ್ಲಿಗೇ ಮುಗಿಯಿತು ಅಂದುಕೊಂಡೆ. ನಡೆದದ್ದನ್ನೆಲ್ಲ ತೊದಲುತ್ತ ಹೇಳಿದೆ. ಅವರು ಟೋಪಿ ತೆಗೆದು ಮೊಳೆಗೆ ಹಾಕಿ ಅಡುಗೆಮನೆಯ ಬಾಗಿಲಿಗೆ ಹೋದರು.

"ಮೂರು ವರ್ಷದ ಕೇಸು ಕಣೇ. ನಾಲ್ಕು ಸಾಕ್ಷಿ ರೆಡಿ ಮಾಡಿಟ್ಟಿದ್ದೆ. ಕಾಳು ಹಿತುಕೋಕೆ ನಮ್ಮ ಕಕ್ಷಿಗಾರನ್ನ ಕೂರಿಸ್ಕೊಂಡೆ, ಸರಿ. ಎದುರು ಪಾರ್ಟೀನ ಯಾಕೆ ಕರೆದೆ?"

ಲಾಯರಮ್ಮ ಸಾರಿನ ಸೌಟು ತಿರುಗಿಸುತ್ತಲೇ ಹೇಳಿದರು: "ಅಷ್ಟು ಕಾಳು ಒಬ್ಬನ ಕೈಲಿ ಆಗುತ್ತೇನ್ರೀ? ನಿಮ್ಮ ಕೇಸಿಗೆ ಎರಡು ಪಾರ್ಟಿ ಬೇಕು, ನನ್ನ ಸಾರಿಗೆ ಬೇಡ್ವಾ?"