ಕುಷ್ಟಗಿಗೆ ಬಂದ ನಹೂಮ

ಮನುಷ್ಯರ ಮೇಲೆ ಸಿಟ್ಟು ಬಂದರೆ ಮಾತು ಬಿಡಬಹುದು, ಊರಿನ ಮೇಲೆ ಬಂದರೆ ಊರು ಬಿಡಬಹುದು. ಒಂದು ಹೆಸರಿನ ಮೇಲೆ ಸಿಟ್ಟು ಬಂದರೆ ಏನನ್ನು ಬಿಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಹೋದ ವರ್ಷ ನಾನು ಹನ್ನೆರಡು ದಿನ ಒಂದು ಹೆಸರಿನ ಮೇಲೆ ಸಿಟ್ಟಾಗಿದ್ದೆ. ಅದು ನನಗೆ ಯಾವ ಕೇಡನ್ನೂ ಮಾಡಿರಲಿಲ್ಲ. ನಾನು ನಕಾಶೆಯಲ್ಲಿ ಬೆರಳಿಟ್ಟು ತೋರಿಸಲಾರದ ಯಾವುದೋ ದೇಶದಿಂದ ಹೊರಟು, ಕುಷ್ಟಗಿಯ ನಮ್ಮ ತವರುಮನೆಗೆ ಬಂದು, ನಮ್ಮ ಅಪ್ಪನ ಹೆಸರು ಕೂಡಬೇಕಾದ ಜಾಗದಲ್ಲಿ ಕುಳಿತಿತ್ತು, ಅಷ್ಟೇ.

ಹೆಸರುಗಳ ವಿಷಯದಲ್ಲಿ ನಾನು ಅನುಭವಸ್ಥೆ ಎಂಬ ಜಂಬ ನನಗಿದೆ. ಕುಕನೂರಿನಲ್ಲಿ ಅಂಗನವಾಡಿ ಟೀಚರ್ ಆಗಿ ಹತ್ತೊಂಬತ್ತು ವರ್ಷ ಹಾಜರಿ ಕೂಗಿದ್ದೇನೆ. ಮೊದಮೊದಲು ಹುಲಿಗೆವ್ವ, ದುರುಗಪ್ಪ, ಮಾಬೂಬ, ಬಸವರಾಜ ಇರುತ್ತಿದ್ದರು. ಈಗ ಆರುಷ್, ಆಯುಷ್, ಆರ್ಯನ್, ಅಯಾನ್. ಒಬ್ಬನನ್ನು ಕರೆದರೆ ನಾಲ್ವರು ಓಡಿಬರುತ್ತಾರೆ. ಉಪ್ಪಿಟ್ಟಿನ ಹೊತ್ತಾದರೆ ಕರೆಯದಿದ್ದರೂ ಎಲ್ಲರೂ ಬರುತ್ತಾರೆ. ಆದರೂ ಜನಪ್ರಿಯತೆಯಲ್ಲಿ ನಮ್ಮ ಅಪ್ಪನ ಹೆಸರನ್ನು ಮೀರಿಸುವ ಹೆಸರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅಪ್ಪನ ಹೆಸರು ಗವಿಸಿದ್ದಪ್ಪ. ಕೊಪ್ಪಳದ ಬೆಟ್ಟದ ಗವಿಯ ದೇವರ ಹೆಸರು. ಕೊಪ್ಪಳದಿಂದ ಯಲಬುರ್ಗಾದವರೆಗೆ ಯಾವ ಓಣಿಯಲ್ಲಿ ನಿಂತು ಈ ಹೆಸರನ್ನು ಕೂಗಿದರೂ ಯಾರಾದರೊಬ್ಬರು “ಏನ್ರೀ?” ಎಂದೇ ಅನ್ನುತ್ತಾರೆ.

ಅಪ್ಪ ಕುಷ್ಟಗಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ. ನಾಲ್ಕು ದಿಕ್ಕಿನ ರಸ್ತೆ ಕೂಡುವ ಊರು. ಬಸ್ಸು ಬಂದಂತೆ, ಹೋದಂತೆ ಮೈಕಿನಲ್ಲಿ ಹೇಳುವುದು ಅವನ ಕೆಲಸ. ಒಮ್ಮೆ ಯಾರೋ ಮರೆತುಹೋದ ಚೀಲದಲ್ಲಿ ಆಸ್ಪತ್ರೆಯ ಚೀಟಿ ಸಿಕ್ಕಿತು. ಅದರ ಮೇಲೆ ಗವಿಸಿದ್ದಪ್ಪ ಎಂದಿತ್ತು. “ಗವಿಸಿದ್ದಪ್ಪ ಅನ್ನೋರು ಎಲ್ಲಿದ್ರೂ ಕಂಟ್ರೋಲ್ ರೂಮಿಗೆ ಬರ್ರಿ” ಎಂದು ಅಪ್ಪ ಮೈಕಿನಲ್ಲಿ ಕೂಗಿದ. ಏಳು ಜನ ಬಂದರು.

“ಇರೋದು ಒಂದ ಚೀಲ. ಏಳು ಮಂದಿ ಯಾಕ ಬಂದೀರಿ?” ಎಂದು ಅಪ್ಪ ಗದರಿದ.

“ನೀವ ಕರದೀರಲ್ರಿ ಸಾಹೇಬ್ರ.”

“ನಾ ಕರದಿದ್ದು ಒಬ್ಬಾವಂಗ!”

“ಅದಿರ್ಲಿ, ನಿಮ್ಮ ಹೆಸರೇನ್ರಿ?”

ಅಪ್ಪ ಸಿಟ್ಟಿನಲ್ಲಿ ಮೈಕ್ ಆರಿಸುವುದನ್ನು ಮರೆತಿದ್ದ. ಎಂಟನೆಯ ಗವಿಸಿದ್ದಪ್ಪನ ಹೆಸರು ಇಡೀ ನಿಲ್ದಾಣಕ್ಕೆ ಕೇಳಿಸಿತು. ಹೋಟೆಲಿನವರು ಮುಂದೆ ಎಷ್ಟೋ ತಿಂಗಳು ಅವನಿಗೆ ಚಹಾ ಕೊಡುವಾಗ “ಎಂಟನೇವ್ರಿಗೆ ಒಂದು” ಎನ್ನುತ್ತಿದ್ದರು.

ಅಪ್ಪನಿಗೆ ಮೆತ್ತಗೆ ಮಾತಾಡಲು ಬರುತ್ತಿರಲಿಲ್ಲ. ಸಮಾಧಾನ ಹೇಳುವಾಗಲೂ ಬೈದೇ ಹೇಳುತ್ತಿದ್ದ. ನನ್ನ ಮೊದಲ ಕೂಸು ಹೊಟ್ಟೆಯಲ್ಲಿಯೇ ಹೋದಾಗ ಎಲ್ಲರೂ ಪಕ್ಕದಲ್ಲಿ ಕುಳಿತು ಕಣ್ಣೀರು ಹಾಕಿದರು. ಅಪ್ಪ ಮಾತ್ರ ಬಾಗಿಲಲ್ಲಿ ನಿಂತು, “ಎಷ್ಟ್ ದಿನ ಮಾರಿ ಹಿಂಗ ಮಾಡ್ಕೊಂಡು ಕೂಡ್ತಿ? ಏಳು, ಎರಡು ತುತ್ತು ಉಣ್ಣು” ಎಂದು ಕೂಗಾಡಿದ. ಆದರೆ ನಾನು ಉಣ್ಣುವವರೆಗೂ ಆ ಬಾಗಿಲು ಬಿಟ್ಟು ಹೋಗಲಿಲ್ಲ, ತಾನೂ ಉಣ್ಣಲಿಲ್ಲ.

ಅಂಥ ಅಪ್ಪ ಹೋದ ವರ್ಷ ಒಂದು ಬೆಳಿಗ್ಗೆ ಚಹಾ ಕುಡಿದು ಲೋಟವನ್ನು ಕೆಳಗಿಟ್ಟ, ಮತ್ತೆ ಏಳಲಿಲ್ಲ. ನಾನು ಅಳಲಿಲ್ಲ. ಅಳಬಾರದೆಂದಲ್ಲ, ಬಂದವರಿಗೆ ಚಾಪೆ, ನೀರು, ಚಹಾ ಎಂದು ಓಡಾಡುವುದರಲ್ಲಿ ಅಳುವ ಹೊತ್ತು ದಾಟಿಹೋಯಿತು. ಬಸ್ಸಿನ ಹಾಗೆ ಇನ್ನೊಂದು ಬರುತ್ತದೆಂದು ಕಾದೆ. ಬರಲಿಲ್ಲ. “ಗಿರಿಜಾನ ಕಣ್ಣಾಗ ಒಂದು ಹನಿ ನೀರ ಬರಲಿಲ್ಲ ನೋಡ್ರಿ” ಎಂದು ಹೆಂಗಸರು ಆಡಿಕೊಂಡರು. ಅದು ಸುಳ್ಳೂ ಆಗಿರಲಿಲ್ಲ.

ಅಪ್ಪ ಹೋದ ಮೂರು ತಿಂಗಳಿಗೆ ತಮ್ಮ ಬಸವರಾಜನಿಗೆ ಗಂಡುಮಗು ಹುಟ್ಟಿತು. ಅಜ್ಜನೇ ಹೊಳ್ಳಿ ಬಂದ ಎಂದು ಇಡೀ ಓಣಿ ತೀರ್ಮಾನಿಸಿತು. ಹೋದ ಹಿರಿಯರ ಹೆಸರನ್ನು ಮೊದಲ ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಚರ್ಚೆಯ ವಿಷಯವೇ ಅಲ್ಲ. ಹಾಗೆಂದು ನಾನು ನಿಶ್ಚಿಂತಳಾಗಿದ್ದಾಗ ತಮ್ಮ ಫೋನ್ ಮಾಡಿದ.

“ಅಕ್ಕಾ, ಸ್ವಾಮಿಗಳು ‘ನ’ ಅಕ್ಷರ ಬಂದೈತಿ ಅಂದಾರ. ಸುಜಾತಾ ನಹೂಮ ಅಂತ ಒಂದು ಹೆಸರು ಹುಡುಕ್ಯಾಳ. ಹೀಬ್ರೂ ಭಾಷಾದ್ದಂತ. ಭಾಳ ಅಪರೂಪಂತ.”

“ಅಪರೂಪ ಅಂದ್ರ?”

“ಅಂದ್ರ... ಯಾರೂ ಇಡೂದಿಲ್ಲಂತ.”

“ಯಾರೂ ತಗೊಳ್ಳದ ಬದನಿಕಾಯಿ ಸಂತಿಯಿಂದ ಮನಿಗೆ ತರ್ತಿಯೇನೋ? ಅಪ್ಪನ ಹೆಸರು ಏನಾಗೈತಿ?”

ಫೋನು ಅವನ ಹೆಂಡತಿಯ ಕೈಗೆ ಹೋಯಿತು. ಸುಜಾತಾ ಮೆದು ಮಾತಿನವಳು, ಆದ್ದರಿಂದ ಅವಳನ್ನು ಸೋಲಿಸುವುದು ಕಷ್ಟ. “ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಮಾವಾರ ಹೆಸರಿಟ್ರ ನಾ ಇವನ್ನ ಹ್ಯಾಂಗ ಕರೀಲ್ರಿ? ಮಾವಾರ ಹೆಸರು ಹಿಡದು ‘ಏ ಬಾರಲೇ, ಚಡ್ಡಿ ಹಾಕ್ಕೋ’ ಅನ್ನಾಕ ನನ್ನ ಬಾಯಿ ಬರ್ತೈತೇನ್ರಿ? ಇದರ ಅರ್ಥ ಸಾಂತ್ವನ ಅಂತರಿ. ಓದಿದಾಗ ನನಗ ಯಾಕೋ ಇದ ಇರ್ಲಿ ಅನಸ್ತು.” ಆಮೇಲೆ ಆ ಹೆಸರಿನ ವಿವರವಿದ್ದ ಪುಟವನ್ನು ನನ್ನ ಫೋನಿಗೆ ಕಳಿಸಿದಳು. ಅದರಲ್ಲಿ ಹೆಸರಿನ ಜನಪ್ರಿಯತೆ ಎಂದು ಒಂದು ಗೆರೆ ಎಳೆದಿದ್ದರು. ಬೇರೆ ಹೆಸರುಗಳ ಗೆರೆ ಗುಡ್ಡ ಏರಿ ಇಳಿದಿತ್ತು. ನಹೂಮನ ಗೆರೆ ನಮ್ಮ ಎರಿಹೊಲದಂತೆ ಮಟ್ಟಸವಾಗಿ ಮಲಗಿತ್ತು.

ಆದರೆ ನನ್ನ ಕೈಯಲ್ಲಿ ಒಂದು ಅಧಿಕಾರ ಉಳಿದಿತ್ತು. ನಮ್ಮಲ್ಲಿ ಇಪ್ಪತ್ತೊಂದನೆಯ ದಿನ ಮಗುವನ್ನು ತೊಟ್ಟಿಲಿಗೆ ಹಾಕುವಾಗ ಅದರ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕತಂಗಿ. ಅವಳು ಕಿವಿಗೆ ಬಾಯಿಟ್ಟು ‘ಕುರ್ರ್’ ಎಂದು ಹೆಸರನ್ನು ಉಸುರುತ್ತಾಳೆ. ಹಿಂದೆ ನಿಂತ ಹೆಂಗಸರು ತಮಾಷೆಗೆ ಅವಳ ಬೆನ್ನಿಗೆ ಗುದ್ದುತ್ತಾರೆ. ಕಿವಿಯೊಳಗೆ ಹೇಳಿದ್ದು ಮಗುವಿಗೆ ಮಾತ್ರ ಗೊತ್ತು, ಮಗು ಬಾಯಿ ಬಿಡುವುದಿಲ್ಲ. ಹೊರಗೆ ನಹೂಮ ಎನ್ನುವುದು, ಒಳಗೆ ಗವಿಸಿದ್ದಪ್ಪ ಎನ್ನುವುದು ಎಂದು ನಾನು ಸದ್ದಿಲ್ಲದೆ ನಿರ್ಧರಿಸಿದೆ. ಹತ್ತೊಂಬತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸಿದವಳು, ಇಪ್ಪತ್ತೊಂದು ದಿನದ ಕೂಸಿನೊಡನೆ ಸೇರಿ ಮೋಸಕ್ಕೆ ಸಿದ್ಧಳಾದೆ.

ತೊಟ್ಟಿಲಿಗೆ ಎರಡು ದಿನವಿರುವಾಗ ಅಂಗನವಾಡಿಗೆ ಲಸಿಕೆ ಹಾಕಲು ಮಾರ್ಥಾ ಸಿಸ್ಟರ್ ಬಂದರು. ಗಂಗಾವತಿ ಕಡೆಯವರು, ಮಕ್ಕಳಿಗೆ ಸೂಜಿ ಚುಚ್ಚುತ್ತ ಕಥೆ ಹೇಳುವ ಜಾಣೆ. ಹೆಸರಿನ ಬಗ್ಗೆ ನನ್ನ ದೂರನ್ನು ಅವರ ಮುಂದಿಟ್ಟೆ. ಅವರು ಸೂಜಿಯನ್ನು ಗಾಳಿಯಲ್ಲಿಯೇ ನಿಲ್ಲಿಸಿದರು.

“ನಹೂಮ? ಟೀಚರಮ್ಮಾ, ಗಂಗಾವತಿ ತುಂಬ ಡ್ಯಾನಿಯಲ್ಲು, ಸ್ಯಾಮುಯೆಲ್ಲು ಅದಾರ. ನಮ್ಮ ಮಂದ್ಯಾಗನ ನಹೂಮ ಒಬ್ಬನೂ ಇಲ್ಲ. ನಿಮಗ ಹ್ಯಾಂಗ ಸಿಕ್ತು?”

“ಫೋನಿನ್ಯಾಗ” ಎಂದೆ, ನಾಚಿಕೆಯಿಂದ.

“ಆ ಹೆಸರಿನ ಪ್ರವಾದಿ ಒಬ್ಬ ಇದ್ದ. ಹೆಸರಿಗೆ ಸಾಂತ್ವನ. ಬಾಯಿ ಬಿಟ್ರ ಬೆಂಕಿ. ಅವ ಆಡಿದ್ದೆಲ್ಲ ಒಂದು ಊರ ಮ್ಯಾಲಿನ ಸಿಟ್ಟಿನ ಮಾತ.” ಸಿಸ್ಟರ್ ನಕ್ಕು, ಮಗುವಿನ ತೋಳು ಒರೆಸಿ ಮುಂದುವರಿಸಿದರು. “ನಮ್ಮಪ್ಪ ಚರ್ಚಿನ ಸಭಾದಾಗ ಉಪದೇಶಿ ಆಗಿದ್ರು. ಅವರು ಹೇಳ್ತಿದ್ರು, ಮನ್ಯಾಗ ಯಾರರ ತೀರಿಕೊಂಡ ಮ್ಯಾಲೆ ಹುಟ್ಟಿದ ಕೂಸಿಗೆ ಇಂಥ ಹೆಸರು ಇಡ್ತಿದ್ರಂತ ಆ ಕಾಲದಾಗ. ಹೋದೋರು ಹೊಳ್ಳಿ ಬಂದ್ರು ಅಂತಲ್ಲ. ಉಳದೋರು ಎದ್ದು ಎರಡು ತುತ್ತು ಉಣ್ಣಲಿ ಅಂತ.”

ನನ್ನ ಕೈಯಲ್ಲಿ ಹತ್ತಿಯ ಉಂಡೆ ಇತ್ತು. ಅದನ್ನು ಸಿಸ್ಟರಿಗೆ ಕೊಡಬೇಕೆಂಬುದು ಮರೆತುಹೋಯಿತು. ಕುಕನೂರಿನವರಾದ ನಾವು ಹಳೆಯದು ಎಂದರೆ ಪಕ್ಕದ ಇಟಗಿಯ ಗುಡಿಯನ್ನು ತೋರಿಸುತ್ತೇವೆ. ಅದು ಕಲ್ಲಿನದು, ಕಲ್ಲು ನಿಂತುಕೊಂಡಿದ್ದರೆ ದೊಡ್ಡ ಮಾತಲ್ಲ. ಹೆಸರು ಬರೀ ಉಸಿರು. ಆ ಗುಡಿಗೆ ಕಲ್ಲು ಕಡಿಯುವ ಎಷ್ಟೋ ಕಾಲದ ಮೊದಲು, ಯಾವುದೋ ಮರಳುಸೀಮೆಯ ಮನೆಯಲ್ಲಿ ಸಾವಾಗಿ, ಆಮೇಲೆ ಒಂದು ಕೂಸು ಹುಟ್ಟಿ, ಯಾರೋ ಒಬ್ಬಳು ಅದರ ಮೇಲೆ ಬಾಗಿ ಈ ಮೂರಕ್ಷರವನ್ನು ಹೇಳಿರಬೇಕು. ಅವಳ ಭಾಷೆ ನನಗೆ ತಿಳಿಯದು. ಅವಳು ಏನು ಉಣ್ಣುತ್ತಿದ್ದಳೋ, ಏನು ಉಡುತ್ತಿದ್ದಳೋ ತಿಳಿಯದು. ಆದರೆ ಬಾಗುವ ಮೊದಲು ಅವಳು ಯಾಕೆ ಒಂದು ಗಳಿಗೆ ಸುಮ್ಮನೆ ನಿಂತಿದ್ದಳು ಎಂಬುದು ನನಗೆ ಚೆನ್ನಾಗಿ ಗೊತ್ತಾಯಿತು. ಎಷ್ಟು ಬಾಯಿ, ಎಷ್ಟು ಲಿಪಿ, ಎಷ್ಟು ಸಮುದ್ರ ದಾಟಿ ಆ ಉಸಿರು ಕೆಡದೆ ಬಂದಿತ್ತು! ಅದನ್ನು ನಾನು ಯಾರೂ ತಗೊಳ್ಳದ ಬದನೆಕಾಯಿ ಎಂದಿದ್ದೆ.

ಬೆರಗಾಯಿತು, ನಿಜ. ಆದರೂ ನನ್ನ ಹಟ ಪೂರ್ತಿ ಕರಗಲಿಲ್ಲ. ಪ್ರವಾದಿ ದೊಡ್ಡವನೇ ಇರಬಹುದು, ಅವನೇನು ನನ್ನ ಅಪ್ಪನಲ್ಲವಲ್ಲ.

ತೊಟ್ಟಿಲ ದಿನ ಮನೆ ತುಂಬಿತ್ತು. ನಾನು ಬಾಗಿದೆ. ಎಣ್ಣೆ, ಲೋಬಾನದ ವಾಸನೆ. ಹುಣಸೆಯ ಚಿಗುರಿನಂಥ ಕಿವಿ. ‘ಕುರ್ರ್’ ಎಂದೆ. ‘ಗ’ ಎನ್ನಲು ಬಾಯಿ ತೆರೆದೆ. ಬರಲಿಲ್ಲ. ಆಗ ಹೊಳೆಯಿತು, ಆ ಹೆಸರನ್ನು ಅರ್ಜಿಗಳಲ್ಲಿ ನೂರು ಸಲ ಬರೆದಿದ್ದೇನೆ, ಆದರೆ ಕರೆಯಲು ಒಮ್ಮೆಯೂ ಬಳಸಿಲ್ಲ. ನನ್ನ ಪಾಲಿಗೆ ಅವನು ಯಾವತ್ತೂ ಗವಿಸಿದ್ದಪ್ಪನಾಗಿರಲಿಲ್ಲ. ಸೊಸೆಗೆ ಬಾರದ ಹೆಸರು ಮಗಳಿಗೆ ಬಂದೀತೇ? “ಅಪ್ಪಾ” ಎಂದು ತಾನಾಗಿ ಬಂತು. ಮಗು ಕಣ್ಣು ತೆರೆದು ನೋಡಿತು. ಆಮೇಲೆ “ನಹೂಮ” ಎಂದೆ. ಮೋಸವಿಲ್ಲದೆ, ನಿಧಾನವಾಗಿ, ಇಡೀ ಹೆಸರು.

ಅಷ್ಟರಲ್ಲಿ ಬೆನ್ನಿಗೆ ಗುದ್ದು ಬಿತ್ತು. ಗುದ್ದಿದವಳು ಪಕ್ಕದ ಮನೆಯ ಶಾಂತವ್ವ. ದಿನಕ್ಕೆ ನೂರಾರು ಜೋಳದ ರೊಟ್ಟಿ ಬಡಿದು ಮಾರುವ ಕೈ. ಒಂದು, ಎರಡು, ಮೂರು. ಮೂರನೆಯದಕ್ಕೆ ನಾನು ತೊಟ್ಟಿಲ ಕಟ್ಟನ್ನು ಹಿಡಿದು ಅಳತೊಡಗಿದೆ. ಮೂರೂವರೆ ತಿಂಗಳು ಎಲ್ಲಿ ಅಡಗಿತ್ತೋ, ಸದ್ದು ಮಾಡಿ ಬಂತು. ಸೋಬಾನೆ ಹಾಡು ನಿಂತುಹೋಯಿತು, ಹೆಂಗಸರು ಶಾಂತವ್ವನ ಮೇಲೆ ಬಿದ್ದರು.

“ಏನವ್ವಾ ಶಾಂತವ್ವ, ರೊಟ್ಟಿ ಬಡದಂಗ ಬಡದ್ಯಲ್ಲ!”

“ಸಂಪ್ರದಾಯಕ್ಕ ಮುಟ್ಟು ಅಂದ್ರ ಎಲುಬು ಮುರಿಯೋದೇನ?”

“ಇಲ್ಲವ್ವಾ, ನಾ ಮೆಲ್ಲಕ ಬಡದೆ... ತಪ್ಪಾತು ಗಿರಿಜಾ, ನನ್ನ ಕೈಗೆ ಬೆಂಕಿ ಹಚ್ಚಲಿ, ಅಳಬ್ಯಾಡ” ಎಂದು ಶಾಂತವ್ವನೂ ಅಳತೊಡಗಿದಳು. ಸುಜಾತಾ ಒಬ್ಬಳು ನನ್ನ ಮುಖ ನೋಡಿದಳು, ಎರಡು ಹೋಳಿಗೆ ಹಾಕಿದ ತಟ್ಟೆ ತಂದು ನನ್ನ ಮುಂದಿಟ್ಟಳು. ಅಳುತ್ತಲೇ ಎರಡನ್ನೂ ತಿಂದೆ.

ಶಾಂತವ್ವ ಆ ದಿನವನ್ನು ಇನ್ನೂ ಮರೆತಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಬಿಸಿ ಮಾಡಿದ ಔಡಲೆಣ್ಣೆ ಹಿಡಿದು ಬರುತ್ತಾಳೆ. “ಇನ್ನೂ ನೋವು ಐತೇನ?” ಎಂದು ಕೇಳುತ್ತಾಳೆ. ಇಲ್ಲ ಶಾಂತವ್ವ, ನಿನ್ನ ಗುದ್ದಿನಿಂದ ನನಗೆ ಏನೂ ಆಗಿರಲಿಲ್ಲ ಎಂದು ಹೇಳುವುದು ಧರ್ಮ. ಪ್ರತಿ ಸಲವೂ ಹೇಳಬೇಕೆಂದೇ ಹೋಗುತ್ತೇನೆ. ಆದರೆ ಅವಳ ಕೈ ಭಾಳ ಛಲೋ ತಿಕ್ಕುತ್ತದೆ. “ಸ್ವಲ್ಪ ಐತಿ” ಎಂದು ಬೆನ್ನು ತಿರುಗಿಸಿ ಕೂಡುತ್ತೇನೆ.