ಟ್ರಂಕ್ ಕಾಲ್‌ನಲ್ಲಿ ನಾಮಕರಣ

ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅದು ಕೆಡುವುದು ಬೇರೆ ವಿಷಯ. ಮೂರು ವರ್ಷದ ಹಿಂದೆ, ಎಪ್ಪತ್ತರ ದಶಕದ ಕೊನೆಯಲ್ಲಿ, ಪಶ್ಚಿಮ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ನಮಗೆ ಮಗಳು ಹುಟ್ಟಿದಾಗ, ಅವಳ ನಾಮಕರಣಕ್ಕೆ ನಾನು ಹಾಕಿದ ಯೋಜನೆಯಲ್ಲಿ ಒಂದೇ ಒಂದು ಲೋಪವೂ ಇರಲಿಲ್ಲ. ಹಾಗಂತ ನಾನು ತಿಳಿದಿದ್ದೆ.

ನಾನು ಮಾನ್ವಿಯವನು. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ. ಆಮೇಲೆ ನನ್ನ ತಲೆ ಬಾಚಿ, ಬೆನ್ನಿಗೆ ಎರಡು ಕೊಟ್ಟು, ಸಾಲಿಗೆ ಕಳಿಸಿ ಬೆಳೆಸಿದವಳು ಒಡಹುಟ್ಟಿದ ಶಾಂತಕ್ಕ. ಕಾರ್ಖಾನೆಯ ಕೆಲಸಕ್ಕೆ ನಾನು ಜರ್ಮನಿಗೆ ಹೊರಟಾಗ ರಾಯಚೂರು ಸ್ಟೇಷನ್ನಿನಲ್ಲಿ ಅವಳು ಕೇಳಿದ್ದು ಒಂದೇ.

“ನಿನಗ ಕೂಸು ಹುಟ್ಟಿದ್ರ ಹೆಸರು ಇಡಾಕಿ ನಾನ. ಅದು ಎಲ್ಲೇ ಹುಟ್ಲಿ.”

“ಆತಕ್ಕಾ,” ಎಂದಿದ್ದೆ. ರೈಲು ಹೊರಡುವಾಗ ಯಾರು ಏನು ಕೇಳಿದರೂ ನಾನು ಒಪ್ಪಿಕೊಳ್ಳುತ್ತೇನೆ.

ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯೇ ಬಾಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು, ಆಮೇಲೆ ಹೆಸರು ಹೇಳಬೇಕು. ಕೂಸಿಗಿಂತ ಮೊದಲು ಅದು ಬೇರೆ ಯಾರ ಕಿವಿಗೂ ಬೀಳಬಾರದು. ಹಿಂದೆ ನಿಂತ ಹೆಂಗಸರು ಅತ್ತೆಯ ಬೆನ್ನಿಗೆ ಗುದ್ದುವುದೂ ಶಾಸ್ತ್ರವೇ. ಜರ್ಮನಿಯ ಶಾಸ್ತ್ರ ಬೇರೆ. ಹುಟ್ಟಿದ ಒಂದು ತಿಂಗಳೊಳಗೆ ಹೆಸರನ್ನು ಕಚೇರಿಯಲ್ಲಿ ಬರೆಸಬೇಕು. ಮಾನ್ವಿಗೆ ಕಾಗದ ಹೋಗಿ ಉತ್ತರ ಬರುವುದಕ್ಕೇ ಹೆಚ್ಚುಕಡಿಮೆ ಅಷ್ಟು ದಿನ ಬೇಕು.

ಹಾಗಾಗಿ ನಾನು ಟ್ರಂಕ್ ಕಾಲ್ ಯೋಜನೆ ಹಾಕಿದೆ. ರಾಯಚೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯ ಮಹಬೂಬನ ಬಳಿ ಫೋನಿತ್ತು. ಗೊತ್ತುಪಡಿಸಿದ ದಿನ ಅಕ್ಕ ಬಸ್ಸಿನಲ್ಲಿ ಅಲ್ಲಿಗೆ ಬರಬೇಕೆಂದು ಮೊದಲೇ ಕಾಗದ ಹಾಕಿದೆ. ನಮ್ಮ ಕಡೆಯ ಫೋನು ಮನೆಯೊಡತಿಯದು, ಕೆಳಗಿನ ಮಹಡಿಯಲ್ಲಿ. ಮೂರು ನಿಮಿಷದ ಕರೆ. ಕಚೇರಿಯ ಗಡುವಿಗೆ ಇನ್ನೂ ಎರಡು ದಿನ ಇರುವಾಗ!

“ಎರಡು ದಿನ ಸಾಕಾ?” ಎಂದಳು ಹೆಂಡತಿ ಸುಮಿತ್ರಾ. ಅವಳು ದೇವದುರ್ಗದವಳು, ಸುಲಭಕ್ಕೆ ಏನನ್ನೂ ನಂಬುವುದಿಲ್ಲ.

“ಹೆಸರು ಕೇಳಾಕ ಎಷ್ಟೊತ್ತು ಬೇಕು?” ಎಂದೆ.

ಆ ದಿನ ಬೆಳಿಗ್ಗೆ ನಾನು ಪಂಚೆ ಉಟ್ಟು, ಚಳಿಗೆ ಅದರ ಮೇಲೆ ಕೋಟು ತೊಟ್ಟು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಫೋನಿನ ಮುಂದೆ ಕುಳಿತೆ. ಸುಮಿತ್ರಾ ಹೊಸ ಸೀರೆ ಉಟ್ಟಿದ್ದಳು. ಮನೆಯೊಡತಿ ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಫೋನು ಗಂಟೆ ಬಾರಿಸಿತು.

“ಅಕ್ಕಾ, ಕೇಳಿಸ್ತದೇನು?”

“ಕೇಳಿಸ್ತದಪ್ಪಾ. ಯಾಕ ಹಂಗ ಒದರಾಕತ್ತಿ? ಕೂಸು ಎಲ್ಲದ?”

“ತೊಡಿಮ್ಯಾಲ ಅದ. ಹೆಸರು ಏನಂತ ನನಗ ಹೇಳಿಬಿಡು, ಟೈಮ್ ಇಲ್ಲ.”

“ನಿನಗ್ಯಾಕ ಹೇಳ್ಲಿ? ಮೊದ್ಲು ಕೂಸಿಗಿ, ಆಮ್ಯಾಲ ಮಂದಿಗಿ. ನಿನ್ನ ಕಿವಿ ಸರಿಸು.”

ಸರಿಸಿದೆ. ಆರನೇ ವರ್ಷದಿಂದಲೂ ಅಕ್ಕ ಸರಿಸು ಎಂದರೆ ಸರಿಸುವುದೇ ನನಗೆ ಗೊತ್ತು. ರಿಸೀವರನ್ನು ಕೂಸಿನ ಕಿವಿಗೆ ಹಿಡಿದೆ. ಕೂಗಿದರೇ ಕೇಳಿಸದ ಟ್ರಂಕ್ ಕಾಲ್‌ನಲ್ಲಿ ಅಕ್ಕ ಪಿಸುಗುಟ್ಟಬೇಕಿತ್ತು. ಕೂಸು ಕಣ್ಣರಳಿಸಿತು. ಯಾರೋ ಗುಟ್ಟು ಹೇಳಿದಂತೆ ಬಾಯಿ ತೆರೆಯಿತು. ಸುಮಿತ್ರಾ ಕಣ್ಣೊರೆಸಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ರಿಸೀವರನ್ನು ನನ್ನ ಕಿವಿಗೆ ಹಿಡಿದರೆ ‘ಕೊಂಯ್’ ಎಂಬ ಸದ್ದು. ಲೈನು ಕಟ್ಟಾಗಿತ್ತು.

“ಏನು ಹೆಸರು?” ಎಂದಳು ಸುಮಿತ್ರಾ.

ನಾನು ಕೂಸಿನ ಮುಖ ನೋಡಿದೆ. ಕೂಸು ನನ್ನ ಮುಖ ನೋಡಿತು.

“ನಡುವ ಒಂದೀಟು ಕಿವಿ ಕೊಡಬಾರದಿತ್ತೇನ್ರೀ?”

“ಅಕ್ಕ ಸರಿಸು ಅಂದ್ಲು.”

“ನಾ ಹೇಳಿದ್ದು ಒಂದಾರ ಹಿಂಗ ಕೇಳೀರೇನು ನೀವು?”

ಮತ್ತೆ ಕರೆ ಬುಕ್ ಮಾಡಿ ಒಂದು ಗಂಟೆ ಕಾದೆ. ಮಹಬೂಬ ಸಿಕ್ಕ.

“ಶಾಂತಾ ಆಪಾ ಮಾನ್ವಿ ಬಸ್ಸಿಗಿ ಹೋದ್ರು ಭಾಯ್. ಹೆಸರಾ? ನಮಗ ಹ್ಯಾಂಗ ಗೊತ್ತಾಗಬೇಕು, ಗಂಡಸರನ್ನೆಲ್ಲಾ ಅಂಗಡಿ ಹೊರಗ ನಿಲ್ಲಿಸಿದ್ರು. ಪೇಢಾ ಮಾತ್ರ ಭಾಳ ಚಲೋ ಇತ್ತು.”

ತಂತಿ ಕೊಡೋಣವೆಂದೆ. ಸುಮಿತ್ರಾ ಬೇಡವೆಂದಳು. ನಮ್ಮ ಊರಿಗೆ ತಂತಿ ಬಂತೆಂದರೆ, ಅದನ್ನು ಒಡೆಯುವ ಮೊದಲೇ ಅಳು ಶುರುವಾಗುತ್ತದೆ. ಮೇಲಾಗಿ ಪರದೇಶದ ಕೂಸಿಗೆ ಫೋನಿನಲ್ಲಿ ಹೆಸರಿಟ್ಟೆ ಎಂದು ಅಕ್ಕ ಓಣಿಯವರಿಗೆಲ್ಲ ಹೇಳಿರುತ್ತಾಳೆ. ಆ ಹೆಸರನ್ನು ತಮ್ಮ ಕಳೆದುಕೊಂಡ ಎಂದರೆ ಅವಳ ಮುಖ ಏನಾಗಬೇಕು? ಅವಳು ಜೀವಮಾನದಲ್ಲಿ ನನ್ನಿಂದ ಕೇಳಿದ್ದು ಅದೊಂದೇ.

ಗಡುವಿನ ಕೊನೆಯ ದಿನ ಸಪತ್ನೀಕನಾಗಿ, ಸಪುತ್ರೀಕನಾಗಿ ಕಚೇರಿಗೆ ಹಾಜರಾದೆ.

“ಮಗುವಿಗೆ ಹೆಸರಿಡಲಾಗಿದೆಯೇ?” ಅಧಿಕಾರಿ ಕೇಳಿದ.

“ಇಡಲಾಗಿದೆ.”

“ಯಾವ ಹೆಸರು?”

“ನಮಗೆ ಗೊತ್ತಿಲ್ಲ.”

“ಮತ್ತೆ ಯಾರಿಗೆ ಗೊತ್ತು?”

“ಮಗುವಿಗೆ.”

ಅವನು ಲೇಖನಿ ಕೆಳಗಿಟ್ಟ. ಕನ್ನಡಕ ತೆಗೆದು ಒರೆಸಿದ. ಇಂಥ ಪ್ರಕರಣಕ್ಕೆ ಅವನ ಬಳಿ ನಮೂನೆ ಇರಲಿಲ್ಲವೆಂದು ತೋರುತ್ತದೆ. ಅರ್ಧ ಗಂಟೆ ನಾನು ತೊಟ್ಟಿಲು, ಅತ್ತೆ, ಗುದ್ದು ಎಲ್ಲವನ್ನೂ ನನ್ನ ಹರಕುಮುರುಕು ಜರ್ಮನ್ ಭಾಷೆಯಲ್ಲಿ ವಿವರಿಸಿದೆ. ಅವನು ಬಾಗಿಲ ಕಡೆ ನೋಡತೊಡಗಿದ.

ಆಗ ಸುಮಿತ್ರಾ, “ಶಾಂತಾ ಅಂತ ಬರೆಸ್ರಿ,” ಎಂದಳು.

“ಅದು ಅಕ್ಕನ ಹೆಸರು!”

“ಅಕ್ಕ ಇಟ್ಟ ಹೆಸರಂತೂ ಕಳಕೊಂಡ್ರಿ. ಅಕ್ಕನ ಹೆಸರಾರ ಉಳೀಲಿ.”

ಬರೆಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಮನೆಗೆ ಬಂದವನೇ ಅಕ್ಕನಿಗೆ ನಾಲ್ಕು ಪುಟದ ಕಾಗದ ಬರೆದೆ. “ನೀನು ಹೇಳಿದ ಹೆಸರನ್ನೇ ಇಟ್ಟಿದ್ದೇವೆ. ಎಂಥ ಸುಂದರ ಹೆಸರು! ಅರ್ಥ ಕೇಳಿದ ಅಧಿಕಾರಿ ಎದ್ದು ನಿಂತು ನನ್ನ ಕೈ ಕುಲುಕಿದ. ಕೂಸು ಆಗಲೇ ಆ ಹೆಸರಿಗೆ ತಿರುಗಿ ನೋಡುತ್ತದೆ.” ಹೆಸರನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ. ಜಾಣತನಕ್ಕೂ ಒಂದು ಮಿತಿ ಇರಬೇಕಿತ್ತು.

ತಿಂಗಳ ಮೇಲೆ ಉತ್ತರ ಬಂತು. ಅಕ್ಕ ಮಾತಾಡಿದಂತೆಯೇ ಬರೆಯುವವಳು.

“ತಮ್ಮಾ, ನಿನ್ನ ಕಾಗದ ಎರಡು ಸಲ ಓದಿದೆ. ನಾ ಫೋನಿನ್ಯಾಗ ‘ಕುರ್ರ್’ ಅಂದೆ. ಅಷ್ಟರಾಗ ನನ್ನ ಜೋಡಿ ಬಂದಿದ್ದ ಓಣಿ ಹೆಂಗಸರು ಬೆನ್ನಿಗಿ ಹೆಂಗ ಗುದ್ದಿದ್ರಂದ್ರ, ಫೋನು ಕೈಯಾಗಿಂದ ಜಾರಿ ಬಟ್ಟಿ ಥಾನಿನ ಮ್ಯಾಲ ಬಿತ್ತು. ಎತ್ತಿ ನೋಡಿದ್ರ ಲೈನು ಇಲ್ಲ. ಹೆಸರು ನಾ ಹೇಳೇ ಇಲ್ಲ. ನಾಚಿಕ್ಯಾಗಿ, ಹೇಳೀನಿ ಅಂತ ಎಲ್ಲರ ಮುಂದ ಸುಳ್ಳಾಡಿ ಪೇಢಾ ಹಂಚಿದೆ. ಹದಿನೈದು ದಿನದಿಂದ ನಿದ್ದಿ ಇಲ್ಲ ನನಗ. ಈಗ ನೀ ಬರದೀ, ನಾ ಹೇಳಿದ ಹೆಸರು ಭಾಳ ಸುಂದರ ಅದ ಅಂತ. ‘ಕುರ್ರ್’ ಅಂದ್ರ ಆ ಸಾಹೇಬ ಎದ್ದು ನಿಂತು ಕೈ ಕುಲುಕಿದನೇನೋ? ಖರೇ ಹೇಳು, ಕೂಸಿನ ಹೆಸರೇನು?”

ಸುಮಿತ್ರಾ ಕಾಗದವನ್ನು ಎದೆಗೊತ್ತಿಕೊಂಡು ನಕ್ಕಳು. ನಕ್ಕು ನಕ್ಕು ಅತ್ತಳು. ನಾನು ತಪ್ಪೊಪ್ಪಿಗೆ ಬರೆಯಲು ಕುಳಿತೆ. ಈ ಸಲ ನಾಲ್ಕೇ ಸಾಲು, ಕೊನೆಯಲ್ಲಿ ಹೆಸರು.

ಮುಂದಿನ ಉತ್ತರ ಇನ್ನೂ ಚಿಕ್ಕದು. “ನಾ ಇಡಬೇಕಂತಿದ್ದ ಹೆಸರು ಇಷ್ಟು ಚಲೋ ಇರಲಿಲ್ಲ. ಊರಿಗಿ ಬಂದಾಗ ಇದನ್ನ ಆಕಿ ಕಿವ್ಯಾಗ ಹೇಳ್ತೀನಿ. ಆದ್ರ ಒಂದು ಮಾತು ನೆನಪಿಡು. ಇನ್ನ ನೀ ಸಿಟ್ಟು ಬಂದಾಗ ನನ್ನ ಹೆಸರು ಹಿಡಿದು ಕೂಸಿಗಿ ಬೈಯಂಗಿಲ್ಲ.”

ಈಗ ಮಗಳಿಗೆ ಮೂರು ವರ್ಷ. ನನ್ನ ಕಾರ್ಖಾನೆಯ ನಕ್ಷೆಗಳ ಮೇಲೆ ಹಾಲು ಚೆಲ್ಲಿ, ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ದಿಟ್ಟಿಸುತ್ತಾಳೆ. ಬೈಯಲೆಂದು ಬಾಯಿ ತೆರೆಯುತ್ತೇನೆ. “ಶಾಂ...” ಎನ್ನುವಷ್ಟರಲ್ಲಿ ನನಗೆ ಆರು ವರ್ಷವಾಗಿಬಿಡುತ್ತದೆ. ತಪ್ಪು ನನ್ನದೇ ಇರಬೇಕೆಂದುಕೊಂಡು ಬಟ್ಟೆ ತಂದು ಒರೆಸುತ್ತೇನೆ.