ಟವೆಲ್ ಮಡಿಸಿದ್ದಕ್ಕೆ ಪದಕ ಬಿಚ್ಚಿಕೊಂಡವರಿಗೆ

ಕೆರೆ, ರಸ್ತೆ ಮತ್ತು ಸೀಟಿ ಮೂರಕ್ಕೂ ಒಡೆಯರಾದ ಮಾನ್ಯ ಸ್ಪರ್ಧಾ ನಿರ್ದೇಶಕರೇ,

ಆಸ್ಪತ್ರೆಯ ಬಟ್ಟೆ ಒಗೆಯುವವರ ಸಂಘದಿಂದ ತಮಗೆ ಗರಿಗರಿಯಾಗಿ ಇಸ್ತ್ರಿ ಮಾಡಿದ ನಮಸ್ಕಾರಗಳು. ತಾವು ಕೊಟ್ಟ ಮಾತು ಹೀಗಿತ್ತು: ಟ್ರಯಥ್ಲಾನಿಗೆ, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದೇ ಉಸಿರಿಗೆ ಮುಗಿಸುವ ಈ ಸಾಹಸಕ್ಕೆ, ಹೊಸಬರೆಲ್ಲರಿಗೂ ಸ್ವಾಗತ, ಯಾವ ಸೈಕಲ್ಲಾದರೂ ಸರಿ, ನಿಯಮಗಳನ್ನು ಮೊದಲೇ ತಿಳಿಸುತ್ತೇವೆ, ಗೆರೆ ದಾಟಿದವರಿಗೆಲ್ಲ ಪದಕ. ಆದದ್ದು ಹೀಗೆ: ನಿಯಮ ತಿಳಿಸುವ ಸಭೆಯನ್ನು ನಮ್ಮ ಪಾಳಿಯ ಹೊತ್ತಿಗೇ ಇಟ್ಟಿರಿ, ನನ್ನ ಅತ್ತಿಗೆಯ ಸೈಕಲ್ಲಿನ ಬುಟ್ಟಿ ನೋಡಿ ನಿಮ್ಮ ಸ್ವಯಂಸೇವಕರು ಕಿಸಕ್ಕನೆ ನಕ್ಕರು, ಅತ್ತಿಗೆ ಗೆರೆ ದಾಟಿದ ಮೇಲೆ ಕೊರಳಿಗೆ ಬಿದ್ದ ಪದಕವನ್ನು ತಾವೇ ಖುದ್ದಾಗಿ ಬಿಚ್ಚಿಕೊಂಡಿರಿ. ಹಾಕುವಾಗ ಚಪ್ಪಾಳೆ, ಬಿಚ್ಚುವಾಗ ಬರೀ ಒಂದು ಕೆಮ್ಮು.

ಅತ್ತಿಗೆ ಯಾರೆಂದು ತಮಗೆ ತಿಳಿಯದು, ತಿಳಿಸುತ್ತೇನೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಆವಿ ತುಂಬಿದ ಕೋಣೆಯಲ್ಲಿ, ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡಿ ಮಡಿಸುವುದು ಅವರ ಕೆಲಸ. ಡಾಕ್ಟರಮ್ಮ "ಸ್ವಲ್ಪ ಕೈಕಾಲು ಆಡಿಸಬೇಕು" ಎಂದಾಗ "ದಿನವೆಲ್ಲ ಆಡಿಸ್ತಿರೋದು ಏನು ಮತ್ತೆ, ನಾಲಿಗೇನಾ?" ಎಂದು ಕೇಳಿದವರು ಅವರೇ, ಆಸ್ಪತ್ರೆಯ ಗೋಡೆಯ ಮೇಲೆ ತಮ್ಮ ಸ್ಪರ್ಧೆಯ ಪೋಸ್ಟರ್ ಕಂಡ ಮಾರನೆಯ ದಿನ ಈಜುಕೊಳಕ್ಕೆ ಹೋಗಿ, ಮಕ್ಕಳು ಕಲಿಯುವ ಮೊಣಕಾಲುದ್ದದ ನೀರಿನಲ್ಲಿ ನಿಂತು, "ನಾನು ಮುಳುಗಿದ್ರೆ ಎತ್ತೋರು ಯಾರು, ಈಗಲೇ ಹೇಳ್ಬಿಡಿ" ಎಂದು ವಿಚಾರಿಸಿಕೊಂಡವರೂ ಅವರೇ. ಕೆಲಸ ಮುಗಿಸಿ ಮನೆಗೆ ಓಡುತ್ತ ಹೋಗುವ ಅವರ ಹಿಂದೆ ಊಟದ ಡಬ್ಬಿ ಹಿಡಿದ ನಮ್ಮಣ್ಣ "ಲೇ, ಬಸ್ಸು ಇನ್ನೂ ಇಲ್ಲೇ ನಿಂತಿದೆ ಕಣೇ, ಯಾರು ಅಟ್ಟಿಸ್ಕೊಂಡ್ ಬಂದ್ರು ನಿನ್ನ?" ಎಂದು ಏದುಸಿರು ಬಿಡುತ್ತಿದ್ದ ದೃಶ್ಯ ನಮ್ಮ ಬೀದಿಗೆಲ್ಲ ಬಾಯಿಪಾಠ.

ಇನ್ನು ಅಪರಾಧಕ್ಕೆ ಬರುತ್ತೇನೆ, ಏಕೆಂದರೆ ಅದು ನಡೆದದ್ದು ನಿಜ. ಈಜು ಮುಗಿಸಿ ಸೈಕಲ್ ಹತ್ತುವ ಅಂಗಳಕ್ಕೆ ಅತ್ತಿಗೆ ಬಂದಾಗ ಮುಂದಿನವರೆಲ್ಲ ಹೊರಟುಹೋಗಿದ್ದರು. ಉಳಿದದ್ದು ನೆಲದ ತುಂಬ ಒದ್ದೆ ಟವೆಲ್, ಟೋಪಿ, ದಿಕ್ಕಿಗೊಂದು ಬಿದ್ದ ಓಟದ ಬೂಟು. ಜನ್ಮವೆಲ್ಲ ಬಟ್ಟೆ ಮಡಿಸಿದ ಕೈ ಇದನ್ನು ನೋಡಿ ಸುಮ್ಮನಿರುವುದುಂಟೇ? ಬೇರೆಯವರು ರಸ್ತೆಯಲ್ಲಿ ಗಡಿಯಾರ ನೋಡುತ್ತಿದ್ದ ಹೊತ್ತಿನಲ್ಲಿ ಅವರು ಬಿಳಿಯದನ್ನು ಬೇರೆ, ಬಣ್ಣದ್ದನ್ನು ಬೇರೆ ಮಾಡಿ, ಹಿಂಡಿ, ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಬೂಟುಗಳನ್ನು ಅಳತೆಯ ಪ್ರಕಾರ ಬೇಲಿಯುದ್ದಕ್ಕೂ ಸಾಲಾಗಿ ನಿಲ್ಲಿಸಿ, ಆಮೇಲಷ್ಟೇ ಸೈಕಲ್ ಹತ್ತಿದರು. ಸೈಕಲ್ ಮುಗಿಸಿ ಬಂದ ವೀರರು ತಂತಮ್ಮ ಬೂಟು ಹುಡುಕುತ್ತ ಮದುವೆ ಮನೆಯಲ್ಲಿ ಚಪ್ಪಲಿ ಕಳೆದುಕೊಂಡವರಂತೆ ಅಲೆದರೆಂಬುದನ್ನೂ, ಒಬ್ಬರು ಎರಡೂ ಎಡಗಾಲಿನ ಬೂಟು ತೊಟ್ಟು ಓಟ ಮುಗಿಸಿದರೆಂಬುದನ್ನೂ ಸಂಘ ಒಪ್ಪುತ್ತದೆ. ಆ ಎಡಗಾಲಿನವರ ಮನೆಗೆ ಹೋಗಿ ಅತ್ತಿಗೆ ಕ್ಷಮೆ ಕೇಳಿ ಬಂದಿದ್ದಾರೆ. ಅವರು ನಕ್ಕು, "ನನ್ನ ಟವೆಲ್ ಹುಟ್ಟಿದಾಗಿನಿಂದ ಇಷ್ಟು ಚೊಕ್ಕ ಇರಲಿಲ್ಲ ಬಿಡಿ" ಎಂದಿದ್ದಾರೆ.

ಪರರ ಸಾಮಾನು ಮುಟ್ಟಿದರೆ ಅನರ್ಹ ಎಂಬ ತಮ್ಮ ನಿಯಮ ಘನವಾದದ್ದೇ. ಅದನ್ನು ಅತ್ತಿಗೆಯ ಕಿವಿಗೆ ಬೀಳದಂತೆ ಇಷ್ಟು ದಿನ ಕಾಪಾಡಿಕೊಂಡು ಬಂದ ತಮ್ಮ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಆದುದರಿಂದ ನಮ್ಮ ಚಿಕ್ಕಪುಟ್ಟ ಕೋರಿಕೆಗಳು: ಮುಂದಿನ ವರ್ಷದಿಂದ ಮಡಿಸುವುದನ್ನು ನಾಲ್ಕನೆಯ ಆಟವಾಗಿ ಸೇರಿಸಿ, ತೀರ್ಪುಗಾರರಾಗಿ ನಮ್ಮ ನೆಲಮಾಳಿಗೆಯವರನ್ನೇ ಕರೆಯಿರಿ, ಕೆರೆಯ ನೀರನ್ನು ನಮ್ಮ ತೊಟ್ಟಿಯ ಹದಕ್ಕೆ ಬೆಚ್ಚಗೆ ಮಾಡಿಸಿ, ನಮ್ಮ ಪಾಳಿ ಮುಗಿದ ಮೇಲಷ್ಟೇ ಹುಟ್ಟುವಂತೆ ಸೂರ್ಯನಿಗೆ ಒಂದು ನೋಟಿಸು ಕಳಿಸಿ. ಇವು ಕಷ್ಟವಾದರೆ ಒಂದನ್ನು ಮಾತ್ರ ಮಾಡಿ: ಅತ್ತಿಗೆಯ ಹೆಸರನ್ನು ಫಲಿತಾಂಶದ ಪಟ್ಟಿಗೆ, ಕೊನೆಯ ಸಾಲಿಗಾದರೂ ಸೇರಿಸಿ ಪದಕ ಹಿಂದಿರುಗಿಸಿ. ಈಜಿದ್ದು ಅವರು, ತುಳಿದದ್ದು ಅವರು, ಓಡಿದ್ದು ಅವರು. ಮಡಿಸಲು ಹಿಡಿದ ಹೊತ್ತಿನಲ್ಲಿ ಅವರು ಗಳಿಸಿದ್ದು ಏನೂ ಇಲ್ಲ, ಕಳೆದುಕೊಂಡದ್ದೇ ಎಲ್ಲ. ಪದಕ ತೂಗುಹಾಕಲೆಂದು ಇಸ್ತ್ರಿ ಮೇಜಿನ ಮೇಲ್ಗಡೆ ಗೋಡೆಗೆ ನಾವು ಹೊಡೆದ ಮೊಳೆ ಖಾಲಿ ಇದೆ. ಅತ್ತಿಗೆ ಅದರತ್ತ ನೋಡುವುದಿಲ್ಲ. ನೋಡುವುದಿಲ್ಲ ಎಂಬುದು ನಮಗೆಲ್ಲ ಕಾಣುತ್ತದೆ. ಕೊಟ್ಟ ಮಾತನ್ನು ಕೇಳಿ ಪಡೆಯುವುದು ಭಿಕ್ಷೆಯಲ್ಲ. ಕೊಡದಿದ್ದರೆ ನೆಲಮಾಳಿಗೆ ಇಡೀ ನಿಮ್ಮ ಮುಂದಿನ ಸ್ಪರ್ಧೆಗೆ ಹೆಸರು ಕೊಡುತ್ತದೆ, ಬುಟ್ಟಿಯ ಸೈಕಲ್ ಸಮೇತ.

ತಮ್ಮ ಮೇಲಿನ ವಿಶ್ವಾಸವನ್ನು ಒಗೆದು ಹಗ್ಗಕ್ಕೆ ಹಾಕಿ, ಒಣಗಲೆಂದು ಕಾದಿರುವ,
ತಮ್ಮ ವಿಶ್ವಾಸಿ,
ಸಂಘದ ಕಾರ್ಯದರ್ಶಿ

ತಾ.ಕ.: ಸ್ಪರ್ಧೆ ಮುಗಿದ ಮೇಲೆ ತಾವು ಕೆಸರಿನಲ್ಲಿ ಬಿಟ್ಟುಹೋದ 'ಎಲ್ಲರಿಗೂ ಸ್ವಾಗತ' ಎಂಬ ಬಟ್ಟೆಯ ಬ್ಯಾನರನ್ನು ಅತ್ತಿಗೆ, "ಹಾಗೇ ಬಿಟ್ಟು ಬರೋಕಾಗುತ್ತಾ" ಎಂದು ಬುಟ್ಟಿಯಲ್ಲಿ ತಂದು ಒಗೆದಿದ್ದಾರೆ. 'ಸ್ವಾಗತ' ಗಟ್ಟಿಯಾಗಿ ನಿಂತಿದೆ. 'ಎಲ್ಲರಿಗೂ' ಮಾತ್ರ ಒಂದೇ ಒಗೆತಕ್ಕೆ ಬಣ್ಣ ಬಿಟ್ಟು ಅಳಿಸಿಹೋಯಿತು. ಮಡಿಸಿ ತರುತ್ತೇವೆ, ತಾವು ಪದಕವನ್ನೂ ಗಟ್ಟಿ ಬಣ್ಣವನ್ನೂ ತನ್ನಿ. ತಮ್ಮ ಕಚೇರಿಯ ಅಂಗಳ, ಬರುವ ಶನಿವಾರ, ನಮ್ಮ ಪಾಳಿ ಬಿಟ್ಟ ಮೇಲೆ, ಸಂಜೆ ನಾಲ್ಕು ಗಂಟೆ.